ದಿಬ್ಬವಿಲ್ಲದ ನೂರು ಮೈಲಿ

ಪ್ರಶ್ನೆ: ನಾನು ಶಿಕಾಗೊ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇನೆ. ವಯಸ್ಸು 44. ಕೆಲವು ಮ್ಯಾರಥಾನ್ ಓಡಿದ್ದೇನೆ, ಒಳ್ಳೆಯ ಸಮಯ ಅಂದರೆ 4 ಗಂಟೆ 25 ನಿಮಿಷ. ಹೋದ ಸಲ ಊರಿಗೆ ಬಂದಾಗ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ಮುಗಿಸಿದೆ. ಕಾಫಿ ತೋಟದ ಏರುಗಳಲ್ಲಿ ಜೀವ ಹೋಗಿ ಬಂತು. ಈಗ ನವೆಂಬರ್‌ನಲ್ಲಿ ದಕ್ಷಿಣ ಇಲಿನಾಯ್‌ನಲ್ಲಿ ನಡೆಯುವ ಟನಲ್ ಹಿಲ್ ಓಟದ ಮೇಲೆ ಕಣ್ಣು ಬಿದ್ದಿದೆ. ಪೂರ್ತಿ ಸಮತಟ್ಟು, ಹವೆಯೂ ತಂಪು. ನೇರವಾಗಿ 100 ಮೈಲಿಗೇ ಹೆಸರು ಕೊಡಬಹುದಲ್ವಾ? ವಾರಕ್ಕೆ 45–50 ಕಿ.ಮೀ. ಓಡುತ್ತೇನೆ, ಇನ್ನು ಐದು ತಿಂಗಳಿದೆ. ಸಸ್ಯಾಹಾರಿ. ವೇಗ, ಊಟ, ಬಟ್ಟೆ, ಶೂ ಬಗ್ಗೆ ಹೇಳಿ.

ಉತ್ತರ: ಹೆಸರು ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಸಮತಟ್ಟು ಅನ್ನುವ ಕಾರಣಕ್ಕೆ ಕೊಡಬೇಡಿ. ಮಲೆನಾಡಿನ ಏರು ನಿಮಗೆ ಒಂದು ಉಪಕಾರ ಮಾಡಿತ್ತು, ಅದು ನಿಮ್ಮ ಗಮನಕ್ಕೆ ಬಂದಿಲ್ಲ ಅನಿಸುತ್ತದೆ. ಏರು ಬಂದಾಗಲೆಲ್ಲ ನೀವು ನಡೆದಿರಿ. ನಡೆಯಲೇಬೇಕಿತ್ತು. ಹಾಗಾಗಿ ಉಸಿರು ಇಳಿಯಿತು, ಬೇರೆ ಸ್ನಾಯುಗಳಿಗೆ ಕೆಲಸ ಬಿತ್ತು, ಏನಾದರೂ ತಿನ್ನಲು ಪುರುಸೊತ್ತು ಸಿಕ್ಕಿತು. ಟನಲ್ ಹಿಲ್‌ನಲ್ಲಿ ದಾರಿ ನಿಮ್ಮನ್ನು ಎಲ್ಲೂ ನಿಲ್ಲಿಸುವುದಿಲ್ಲ. ನಡಿಗೆಯನ್ನು ನೀವೇ ಇಟ್ಟುಕೊಳ್ಳಬೇಕು, ಅದೂ ಕಾಲು ಚೆನ್ನಾಗಿರುವಾಗಲೇ. ಈ ಉತ್ತರದ ಮುಕ್ಕಾಲು ಭಾಗ ಇದೇ ವಿಷಯ.

ಮೊದಲು ದಾರಿಯ ಬಗ್ಗೆ. ಇದು ಹಳೆಯ ರೈಲು ಹಾದಿ. ಅಮೆರಿಕದ ಅಂತರ್ಯುದ್ಧದಲ್ಲಿ ದಂಡನಾಯಕನಾಗಿದ್ದ ಆಂಬ್ರೋಸ್ ಬರ್ನ್‌ಸೈಡ್ ಮುಂದಾಳತ್ವದ ಕಂಪನಿ ಹಾಕಿದ್ದು, 1872ರಲ್ಲಿ ರೈಲು ಓಡಾಟ ಶುರುವಾಯಿತು. ರೈಲು ನಿಂತ ಮೇಲೆ 1991ರಲ್ಲಿ ಹಾದಿ ಸರ್ಕಾರದ ಕೈಗೆ ಬಂತು. ಹಳಿ ಕಿತ್ತು, ಸುಣ್ಣಕಲ್ಲಿನ ಪುಡಿ ಹಾಸಿ, ಹ್ಯಾರಿಸ್‌ಬರ್ಗ್‌ನಿಂದ ಕಾರ್ನಾಕ್‌ವರೆಗೆ 45 ಮೈಲಿಯ ಕಾಲುದಾರಿ ಮಾಡಿದರು. ನಡುವೆ 23 ಎತ್ತರದ ಸೇತುವೆಗಳು, ಒಂದು ಸುರಂಗ. ಸುರಂಗ ಮೊದಲು 800 ಅಡಿ ಇತ್ತು. 1929ರಲ್ಲಿ ಒಂದು ಭಾಗ ಕುಸಿದು ಈಗ 543 ಅಡಿ ಉಳಿದಿದೆ. ಓಟ ಶುರುವಾಗುವುದು ನಡುವಿನ ವಿಯೆನ್ನಾ ಅನ್ನುವ ಸಣ್ಣ ಊರಿನಿಂದ. ಒಂದು ತೋಳು ದಕ್ಷಿಣಕ್ಕೆ ಕ್ಯಾಶ್ ನದಿಯ ಜೌಗಿನ ಕಡೆ ಹೋಗಿ ವಾಪಸ್ ಬರುತ್ತದೆ. ಇನ್ನೊಂದು ತೋಳು ಉತ್ತರಕ್ಕೆ ಸುರಂಗದ ಕಡೆ ಹೋಗಿ ವಾಪಸ್. ಎರಡೂ ಸೇರಿ 50 ಮೈಲಿ. ನೂರರವರು ಇದನ್ನೇ ಎರಡು ಸಲ ಮಾಡಬೇಕು.

ದಾರಿ ಎಷ್ಟು ವೇಗದ್ದು ಅನ್ನಲು ಎರಡು ಹೆಸರು ಸಾಕು. 2017ರಲ್ಲಿ ಕಮಿಲ್ ಹೆರನ್ ಇಲ್ಲಿ 100 ಮೈಲಿಯನ್ನು 12 ಗಂಟೆ 42 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಆಗ ಅದು ಹೆಂಗಸರ ವಿಶ್ವದಾಖಲೆ. ಮರುವರ್ಷ ಝ್ಯಾಕ್ ಬಿಟರ್ 12 ಗಂಟೆ 8 ನಿಮಿಷ 36 ಸೆಕೆಂಡಿನಲ್ಲಿ ಮುಗಿಸಿದರು. ಹೆರನ್ ಅವರದ್ದು ಕಿಲೋಮೀಟರಿಗೆ ಸುಮಾರು 4 ನಿಮಿಷ 44 ಸೆಕೆಂಡ್, ಅದೂ 161 ಕಿಲೋಮೀಟರ್ ಉದ್ದಕ್ಕೂ. ಇಂಥ ಸುದ್ದಿ ಓದಿಯೇ ಜನ ಈ ದಾರಿಯನ್ನು ಸುಲಭ ಅಂದುಕೊಳ್ಳುತ್ತಾರೆ. ಆದರೆ ವೇಗದ ದಾರಿ ಬೇರೆ, ಸುಲಭದ ದಾರಿ ಬೇರೆ.

ಸಮತಟ್ಟು ಯಾಕೆ ನೋಯಿಸುತ್ತದೆ ನೋಡಿ. ನೂರು ಮೈಲಿಗೆ ನೀವು ಇಡುವುದು ಒಂದೂಮುಕ್ಕಾಲು ಲಕ್ಷದ ಆಸುಪಾಸು ಹೆಜ್ಜೆ. ಗುಡ್ಡದ ದಾರಿಯಲ್ಲಿ ಆ ಹೆಜ್ಜೆಗಳು ಹಂಚಿಹೋಗುತ್ತವೆ. ಏರಿನಲ್ಲಿ ಪೃಷ್ಠ ಮತ್ತು ಮೀನಖಂಡಕ್ಕೆ ಭಾರ, ಇಳಿಜಾರಿನಲ್ಲಿ ತೊಡೆಯ ಮುಂಭಾಗಕ್ಕೆ, ಕಲ್ಲು ಬೇರು ಬಂದರೆ ಪಾದ ಅತ್ತಿತ್ತ. ಮಟ್ಟಸ ದಾರಿಯಲ್ಲಿ ಅದೇ ಅಳತೆಯ ಹೆಜ್ಜೆ, ಅದೇ ಕೋನ, ಅದೇ ಸ್ನಾಯು. ಪ್ಯಾಂಟು ಮಂಡಿಯ ಹತ್ತಿರವೇ ಸವೆದು ಹರಿಯುತ್ತದಲ್ಲ, ಹಾಗೆ. ಹೆಚ್ಚಿನವರಿಗೆ ಮೊದಲು ಹಿಡಿಯುವುದು ತೊಡೆ ಎತ್ತುವ ಸ್ನಾಯು, ಸೊಂಟದ ಮುಂದೆ, ಜೇಬು ಇರುವ ಜಾಗದಲ್ಲಿ. ಆಮೇಲೆ ತೊಡೆ ಹಿಂಭಾಗದ ಮೇಲ್ತುದಿ. ಕೊನೆಗೆ ಕಣಕಾಲಿನ ಮುಂಭಾಗ, ಶೂ ಲೇಸು ಕಟ್ಟುವಲ್ಲಿ.

ಮೇರಿಲ್ಯಾಂಡ್‌ನಲ್ಲಿ 1963ರಿಂದ ನಡೆಯುತ್ತಿರುವ ಜೆಎಫ್‌ಕೆ 50 ಮೈಲಿ ಓಟವೂ ನವೆಂಬರ್‌ನದ್ದೇ. ಅದರಲ್ಲಿ ಮೊದಲು ಅಪಲೇಶಿಯನ್ ಕಾಲುದಾರಿಯ ಕಲ್ಲುಗಳು, ಆಮೇಲೆ ಕಾಲುವೆ ಪಕ್ಕದ ಮಟ್ಟಸ ದಾರಿಯಲ್ಲಿ 26 ಮೈಲಿ ಚಿಲ್ಲರೆ. ಮೊದಲ ಸಲ ಹೋಗುವವರು ಕಲ್ಲಿನ ಭಾಗಕ್ಕೆ ಹೆದರಿರುತ್ತಾರೆ. ಓಡಿ ಬಂದವರನ್ನು ಮಾತಾಡಿಸಿ ನೋಡಿ, ಹೆಚ್ಚಿನವರು ಬೈಯುವುದು ಆ ಕಾಲುವೆ ದಾರಿಯನ್ನು.

ಈಗ ಲೆಕ್ಕ. ನಿಮ್ಮ ಮ್ಯಾರಥಾನ್ ವೇಗ ಮೈಲಿಗೆ 10 ನಿಮಿಷ ಚಿಲ್ಲರೆ. ನೂರು ಮೈಲಿಯ ಮೊದಲರ್ಧಕ್ಕೆ ಓಡುವಾಗಿನ ವೇಗ ಮೈಲಿಗೆ ಹನ್ನೊಂದೂವರೆ ನಿಮಿಷ ಇಟ್ಟುಕೊಳ್ಳಿ. ಎಂಟು ನಿಮಿಷ ಓಟ, ಎರಡು ನಿಮಿಷ ಚುರುಕು ನಡಿಗೆ, ಮತ್ತೆ ಎಂಟು, ಮತ್ತೆ ಎರಡು. ನಡಿಗೆ ಮೈಲಿಗೆ 16 ನಿಮಿಷದಂತೆ ಇದ್ದರೆ ಒಟ್ಟು ಸರಾಸರಿ ಮೈಲಿಗೆ 12 ನಿಮಿಷ 10 ಸೆಕೆಂಡ್ ಹತ್ತಿರ ಬರುತ್ತದೆ. ದಾರಿಯಲ್ಲಿ ನೀರು, ತಿಂಡಿ ಕೊಡುವ ಏಡ್ ಸ್ಟೇಷನ್‌ಗಳಲ್ಲಿ ನಲವತ್ತು ನಿಮಿಷ ಹೋಯಿತು ಅಂದುಕೊಂಡರೂ 50 ಮೈಲಿಗೆ 10 ಗಂಟೆ 50 ನಿಮಿಷ. ಉಳಿದರ್ಧವನ್ನು ಬರೀ ನಡೆದು, ಅದೂ ಮೈಲಿಗೆ 18 ನಿಮಿಷದಂತೆ ಎಳೆದುಕೊಂಡು ಹೋದರೂ 15 ಗಂಟೆ. ಒಟ್ಟು 26 ಗಂಟೆಯೊಳಗೆ. ನೂರು ಮೈಲಿ ಓಟಗಳಲ್ಲಿ ಸಾಮಾನ್ಯವಾಗಿ ಕೊಡುವ 30 ಗಂಟೆಯ ಮಿತಿಗೆ ಇನ್ನೂ ನಾಲ್ಕು ತಾಸು ಕೈಯಲ್ಲಿರುತ್ತದೆ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ. ಮುಗಿಸುವುದಕ್ಕೆ ಬೇಕಾದ ವೇಗ ನಿಮ್ಮಲ್ಲಿ ಈಗಾಗಲೇ ಇದೆ. ಇಲ್ಲದಿರುವುದು 70ನೇ ಮೈಲಿಯಲ್ಲೂ ಮೈಲಿಗೆ 18 ನಿಮಿಷದಂತೆ ನಡೆಯುವ ಶಕ್ತಿ. ಕುಳಿತಲ್ಲಿ ಕೇಳಿದರೆ ಅದೇನು ಮಹಾ ಅನಿಸುತ್ತದೆ. ಸಂಜೆ ಪಾರ್ಕಿನಲ್ಲಿ ಮಾತಾಡುತ್ತ ನಡೆಯುವ ವೇಗ ಸುಮಾರು 20 ನಿಮಿಷದ್ದು, ನೀವೇ ಅಳೆದು ನೋಡಿ. ಸುಸ್ತಾದ ಕಾಲಿನಲ್ಲಿ ಅದು 25ಕ್ಕೆ ಹೋಗುತ್ತದೆ. ಆಗ ಮೇಲಿನ ಲೆಕ್ಕವೆಲ್ಲ ತಲೆಕೆಳಗು.

ಮೊದಲ ನಡಿಗೆ ಓಟ ಶುರುವಾದ ಎಂಟನೇ ನಿಮಿಷಕ್ಕೇ ಬರಬೇಕು. ಕಷ್ಟ ಇರುವುದು ಇಲ್ಲೇ. ಮೈ ಇನ್ನೂ ಬಿಸಿಯಾಗಿರುವುದಿಲ್ಲ, ಎಲ್ಲರೂ ನಗುತ್ತ ನಿಮ್ಮನ್ನು ದಾಟಿ ಹೋಗುತ್ತಾರೆ, ಯಾರೋ ಒಬ್ಬರು ‘ಆರ್ ಯು ಓಕೆ?’ ಅಂತಲೂ ಕೇಳುತ್ತಾರೆ. ಹೋಗಲಿ ಬಿಡಿ. ಗಡಿಯಾರಕ್ಕೆ ಅಲಾರಂ ಹಾಕಿ, ಅದು ಕೂಗಿದಾಗ ನಡೆಯಿರಿ, ಮತ್ತೆ ಕೂಗಿದಾಗ ಓಡಿ. ‘ಈಗ ಚೆನ್ನಾಗಿದ್ದೇನೆ, ಈ ನಡಿಗೆ ಬಿಟ್ಟುಬಿಡೋಣ’ ಅನ್ನುವ ಯೋಚನೆ ಹತ್ತನೇ ಮೈಲಿ ಹೊತ್ತಿಗೆ ಬಂದೇ ಬರುತ್ತದೆ. ನಾನು ತರಬೇತಿ ಕೊಟ್ಟವರಲ್ಲಿ ಮಟ್ಟಸ ದಾರಿಯಲ್ಲಿ ಕೈಬಿಟ್ಟವರ ಕಥೆ ಬಹುತೇಕ ಒಂದೇ: ಮೊದಲ 30 ಮೈಲಿ ನಡೆಯದೆ ಓಡಿದರು, 60ರ ನಂತರ ಓಡಲೂ ಆಗಲಿಲ್ಲ, ನಡೆಯಲೂ ಆಗಲಿಲ್ಲ.

‘ಪೂರ್ತಿ ಸಮತಟ್ಟು’ ಅನ್ನುವುದೂ ಅಷ್ಟು ಸರಿಯಲ್ಲ. ರೈಲಿಗೆ ಕಡಿದಾದ ಏರು ಆಗದು, ಹಾಗಾಗಿ ನೂರು ಅಡಿಗೆ ಎರಡು ಅಡಿಗಿಂತ ಜಾಸ್ತಿ ಎಲ್ಲೂ ಏರುವುದಿಲ್ಲ. ಆದರೆ ವಿಯೆನ್ನಾದಿಂದ ಸುರಂಗದ ಕಡೆಗಿನ ಸುಮಾರು ಹತ್ತು ಮೈಲಿ ಮೆಲ್ಲಗೆ ಏರುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಕಾಣದೇ ಇರುವುದೇ ತೊಂದರೆ. ವೇಗ ಮೈಲಿಗೆ ಇಪ್ಪತ್ತು ಮೂವತ್ತು ಸೆಕೆಂಡು ಇಳಿಯುತ್ತದೆ, ನಿಮಗೆ ಕಾರಣ ಗೊತ್ತಾಗುವುದಿಲ್ಲ, ಸುಸ್ತಾಯಿತೇನೋ ಅಂತ ಇನ್ನಷ್ಟು ಒತ್ತುತ್ತೀರಿ. ಆ ತೋಳಿನಲ್ಲಿ ಹೋಗುವಾಗ ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ ಮಾಡಿಕೊಳ್ಳಿ. ಗಡಿಯಾರದ ವೇಗ ಬಿಟ್ಟು ಉಸಿರನ್ನು ಗಮನಿಸಿ: ಒಂದು ಪೂರ್ತಿ ವಾಕ್ಯ ತಡೆಯಿಲ್ಲದೆ ಹೇಳಲು ಬರಬೇಕು. ವಾಪಸ್ ಬರುವಾಗ ದಾರಿಯೇ ನಿಮ್ಮನ್ನು ತಳ್ಳುತ್ತದೆ. ಆಗಲೂ ಎಂಟು–ಎರಡು ಬಿಡಬೇಡಿ. ಅಲ್ಲಿ ಕದ್ದ ಐದು ನಿಮಿಷಕ್ಕೆ ಎರಡನೇ ಸುತ್ತಿನಲ್ಲಿ ಅರ್ಧ ತಾಸು ದಂಡ ಕಟ್ಟುತ್ತೀರಿ.

ಇನ್ನು ಹವೆ. ನಿಮ್ಮ ಪ್ರಶ್ನೆಯಲ್ಲಿ ತಂಪು ಅನ್ನುವುದು ಅನುಕೂಲದ ಪಟ್ಟಿಯಲ್ಲಿದೆ. ಹಗಲಿಗೆ ನಿಜ. ಆದರೆ ನವೆಂಬರ್‌ನ ಮುಖ್ಯ ಸಂಗತಿ ಚಳಿಗಿಂತ ಕತ್ತಲು. ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗುತ್ತದೆ. ಓಟದ ಹೊತ್ತಿಗೆ ಅಲ್ಲಿ ಸೂರ್ಯ ಮುಳುಗುವುದು ಸಂಜೆ ನಾಲ್ಕೂಮುಕ್ಕಾಲರ ಸುಮಾರಿಗೆ, ಮತ್ತೆ ಹುಟ್ಟುವುದು ಬೆಳಗ್ಗೆ ಆರೂವರೆ ಹೊತ್ತಿಗೆ. ಹದಿನಾಲ್ಕು ತಾಸಿಗೆ ಸ್ವಲ್ಪ ಕಮ್ಮಿ. ಬೆಳಗ್ಗೆ ಏಳು ಎಂಟಕ್ಕೆ ಹೊರಟರೆ ಮೇಲಿನ ವೇಗದಲ್ಲಿ ನಿಮಗೆ 40–45ನೇ ಮೈಲಿ ನಡುವೆ ಕತ್ತಲಾಗುತ್ತದೆ. ಅಂದರೆ ಎರಡನೇ 50 ಮೈಲಿ ಹೆಚ್ಚುಕಮ್ಮಿ ಪೂರ್ತಿ ರಾತ್ರಿಯಲ್ಲೇ. ಬೇಸಿಗೆಯ ನೂರು ಮೈಲಿಗಿಂತ ಇದು ಬೇರೆಯದೇ ಆಟ.

ಇದರಿಂದ ಒಂದು ಪ್ರಾಯೋಗಿಕ ವಿಷಯ ಬರುತ್ತದೆ, ಗಟ್ಟಿಯಾಗಿ ನೆನಪಿಡಿ. ದಕ್ಷಿಣದ ತೋಳು ಮುಗಿಸಿ ನೀವು ವಿಯೆನ್ನಾಕ್ಕೆ ಬರುವುದು ಸುಮಾರು 26ನೇ ಮೈಲಿಗೆ. ಆಗ ಮಧ್ಯಾಹ್ನ ಒಂದು ಒಂದೂವರೆ ಇರಬಹುದು, ಬಿಸಿಲು ಚೆನ್ನಾಗಿರುತ್ತದೆ, ನೀವು ಟಿ-ಶರ್ಟಿನಲ್ಲಿರುತ್ತೀರಿ. ಹೆಡ್‌ಲ್ಯಾಂಪ್, ಗ್ಲೌಸ್, ಗಾಳಿ ತಡೆಯುವ ಜಾಕೆಟ್ ಮೂರನ್ನೂ ಆಗಲೇ ಬೆನ್ನಿಗೆ ಹಾಕಿಕೊಳ್ಳಬೇಕು. ಹುಚ್ಚುತನ ಅನಿಸುತ್ತದೆ. ಆದರೆ ಮತ್ತೆ ನಿಮ್ಮ ಕಾರಿನ ಹತ್ತಿರ ಬರುವುದು 50ಕ್ಕೆ. ಅಷ್ಟರಲ್ಲಿ ಕಾಡಿನ ನಡುವೆ, ಎತ್ತರದ ಸೇತುವೆಗಳ ಮೇಲೆ ರಾತ್ರಿಯಾಗಿ ಎಷ್ಟೋ ಹೊತ್ತಾಗಿರುತ್ತದೆ.

ಬಟ್ಟೆಯ ವಿಷಯದಲ್ಲಿ ನಮ್ಮವರು ಸಾಮಾನ್ಯವಾಗಿ ಶುರುವಿನಲ್ಲೇ ಜಾಸ್ತಿ ಹಾಕಿಕೊಳ್ಳುತ್ತಾರೆ. ಬೆಳಗ್ಗೆ ಸೊನ್ನೆಯ ಹತ್ತಿರ ಇದ್ದರೆ ನಡುಗುತ್ತ ನಿಲ್ಲುವುದು ಯಾರಿಗೂ ಬೇಡ. ಆದರೆ ಮೊದಲ ಮೈಲಿಯಲ್ಲಿ ಸ್ವಲ್ಪ ಚಳಿ ಅನಿಸಿದರೆ ಬಟ್ಟೆ ಸರಿಯಾಗಿದೆ ಅಂತ ಅರ್ಥ. ದಪ್ಪ ಬಟ್ಟೆಯಲ್ಲಿ ಹಗಲಿಡೀ ಬೆವರಿದರೆ ಸಂಜೆ ಹೊತ್ತಿಗೆ ಒಳಗಿನ ಪದರ ಒದ್ದೆ. ಅದೇ ಹೊತ್ತಿಗೆ ನಿಮ್ಮ ವೇಗ ಇಳಿಯುತ್ತದೆ. ಓಡುವ ಮೈ ಮಾಡುವಷ್ಟು ಶಾಖವನ್ನು ನಡೆಯುವ ಮೈ ಮಾಡುವುದಿಲ್ಲ. ಹವೆ ಐದು ಡಿಗ್ರಿ ಇಳಿದಿದ್ದು, ಬಟ್ಟೆ ಒದ್ದೆಯಾಗಿದ್ದು, ನೀವು ನಿಧಾನವಾಗಿದ್ದು, ಮೂರೂ ಒಟ್ಟಿಗೆ ಬರುತ್ತವೆ. ಬೆಳಗ್ಗೆ ಎರಡು ಡಿಗ್ರಿಯಲ್ಲಿ ಆರಾಮಾಗಿ ಓಡಿದವರು ರಾತ್ರಿ ಆರು ಡಿಗ್ರಿಯಲ್ಲಿ ಗಡಗಡ ನಡುಗುವುದು ಇದಕ್ಕೇ. ಆದ್ದರಿಂದ 50ನೇ ಮೈಲಿಯಲ್ಲಿ ಮೈಗೆ ತಾಗುವ ಪದರವನ್ನು ಪೂರ್ತಿ ಬದಲಿಸಿ, ಒಣಗಿದ್ದು ಹಾಕಿ. ಮೇಲೊಂದು ಸ್ವೆಟರ್ ಏರಿಸಿದರೆ ಸಾಲದು, ಒದ್ದೆ ಒಳಗೇ ಉಳಿಯುತ್ತದೆ. ಉಣ್ಣೆಯ ತೆಳು ಬನಿಯನ್ ಸಿಕ್ಕರೆ ಒಳ್ಳೆಯದು. ಹತ್ತಿ ಮಾತ್ರ ಬೇಡ.

ಬೆರಳುಗಳ ಬಗ್ಗೆ ಒಂದು ಮಾತು. ರಾತ್ರಿ ಎರಡು ಗಂಟೆಗೆ ಊದಿಕೊಂಡ, ಮರಗಟ್ಟಿದ ಬೆರಳಲ್ಲಿ ಜೆಲ್ (ಓಡುವಾಗ ಹೀರುವ ಸಕ್ಕರೆ ಪಾಕ) ಪ್ಯಾಕೆಟ್ ಹರಿಯಲು ಬರುವುದಿಲ್ಲ. ಜಿಪ್ ಎಳೆಯಲೂ ಬರುವುದಿಲ್ಲ. ಜನ ತಿನ್ನುವುದನ್ನು ಬಿಡುವುದು ಹಸಿವಿಲ್ಲದ್ದಕ್ಕಿಂತ ಜಾಸ್ತಿ ಈ ರಗಳೆಗೆ. ರಾತ್ರಿಯ ತಿಂಡಿಯನ್ನು ಅರ್ಧ ತೆರೆದ, ಸುಲಭವಾಗಿ ಬಿಚ್ಚುವ ಚೀಲಗಳಲ್ಲಿ ಮೊದಲೇ ಹಾಕಿಡಿ. ಬೆರಳು ಬೆರಳಿಗೆ ಬೇರೆ ಇರುವ ಗ್ಲೌಸಿಗಿಂತ, ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್ ಬೆಚ್ಚಗೆ. ಹೆಡ್‌ಲ್ಯಾಂಪ್ ಬ್ಯಾಟರಿ ಚಳಿಯಲ್ಲಿ ಬೇಗ ಇಳಿಯುತ್ತದೆ. ಹೆಚ್ಚುವರಿ ಬ್ಯಾಟರಿಯನ್ನು ಮೈಗೆ ಹತ್ತಿರದ ಜೇಬಿನಲ್ಲಿಡಿ, ಬೆನ್ನಚೀಲದಲ್ಲಿ ಬೇಡ.

ಎಲೆ ಉದುರುವ ಕಾಲ ಚಂದವೇ. ದಕ್ಷಿಣದ ಜೌಗಿನಲ್ಲಿ ಸೈಪ್ರಸ್ ಮರಗಳು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತವೆ. ಸೂಜಿಯೆಲೆಯ ಜಾತಿಯಾದರೂ ಇವು ಚಳಿಗೆ ಎಲೆ ಉದುರಿಸುವಂಥವು. ಆದರೆ ಅದೇ ಎಲೆರಾಶಿಯ ಕೆಳಗೆ ಕಾಯಿ, ಕಡ್ಡಿ, ಸಣ್ಣ ಗುಂಡಿ ಅಡಗಿರುತ್ತವೆ. ಹಗಲು ಎಲೆಯಿಲ್ಲದ ನಡುಪಟ್ಟಿಯಲ್ಲೇ ಓಡಿ. ರಾತ್ರಿ ಸೇತುವೆಗಳ ಮೇಲೆ ಹುಷಾರು. ಮೇಲೂ ಕೆಳಗೂ ಗಾಳಿ ಆಡುವುದರಿಂದ ಪಕ್ಕದ ನೆಲ ಒಣಗಿದ್ದರೂ ಸೇತುವೆ ಮೇಲೆ ಮೊದಲೇ ಇಬ್ಬನಿ ಹೆಪ್ಪುಗಟ್ಟುತ್ತದೆ. ಸೇತುವೆ ಬಂತು ಅಂದರೆ ಅದೇ ನಿಮ್ಮ ಎರಡು ನಿಮಿಷದ ನಡಿಗೆ ಅಂದುಕೊಂಡುಬಿಡಿ.

ಶೂ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಹಲ್ಲು ಹಲ್ಲಾಗಿರುವ ಟ್ರೇಲ್ ಶೂ ಇಲ್ಲಿ ದಂಡ, ನಿಮ್ಮ ಮ್ಯಾರಥಾನ್ ಶೂ ಸಾಕು. ಅರ್ಧ ಸೈಜು ದೊಡ್ಡದು ಒಂದು ಜೊತೆ 50ನೇ ಮೈಲಿಗೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಪಾದ ಊದಿರುತ್ತದೆ. ಎರಡನೆಯದು ಬೇರೆ ಮಾದರಿಯದ್ದಾದರೆ ಇನ್ನೂ ಒಳ್ಳೆಯದು, ಹಿಮ್ಮಡಿಯ ಎತ್ತರ ಸ್ವಲ್ಪ ಬೇರೆ ಇದ್ದರೆ ಭಾರ ಬೀಳುವ ಜಾಗವೂ ಬದಲಾಗುತ್ತದೆ. ದಿಬ್ಬ ಮಾಡಬೇಕಿದ್ದ ಕೆಲಸವನ್ನು ಶೂ ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಬೇರೆ ಮಾದರಿ ಅಂದೆ, ಹೊಸದು ಅನ್ನಲಿಲ್ಲ. ಎರಡರಲ್ಲೂ ಉದ್ದದ ಓಟ ಓಡಿರಬೇಕು.

ನಿಜವಾದ ಶತ್ರು ಆ ಸುಣ್ಣಕಲ್ಲಿನ ಪುಡಿ. ಗೋಧಿ ರವೆಯಷ್ಟು ನುಣ್ಣಗಿನ ಕಣಗಳು ಶೂ ಬಾಯಿಯಿಂದ ಒಳಗೆ ಬಂದು ಸಾಕ್ಸಿಗೆ ಅಂಟುತ್ತವೆ. ಬೆವರು ಸೇರಿ ಹಿಮ್ಮಡಿ ಹತ್ತಿರ, ಕಿರುಬೆರಳ ಪಕ್ಕ ಮೆತ್ತಿಕೊಳ್ಳುತ್ತವೆ. ಹತ್ತು ಮೈಲಿಗೆ ಅಲ್ಲಿ ಬಿಸಿ ಅನಿಸುತ್ತದೆ, ಇಪ್ಪತ್ತಕ್ಕೆ ಬೊಬ್ಬೆ. ಶೂ ಬಾಯಿಗೆ ಮುಚ್ಚುವ ಬಟ್ಟೆಯ ಗೇಟರ್ ಹಾಕಿ, ಅಗ್ಗದ್ದೇ ಸಾಕು. ಬಿಸಿ ಅನಿಸಿದ ಕೂಡಲೇ ನಿಲ್ಲಿ, ‘ಮುಂದಿನ ಏಡ್ ಸ್ಟೇಷನ್‌ನಲ್ಲಿ ನೋಡೋಣ’ ಬೇಡ. ಸಾಕ್ಸ್ ತೆಗೆದು ಪಾದ ಒರೆಸಿ, ಒಣಗಿಸಿ, ಟೇಪ್ ಹಾಕಿ. ಟೇಪಿನ ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿಕೊಂಡಿರಿ, ಚೂಪು ಮೂಲೆ ಮಡಚಿಕೊಂಡು ಏಳುತ್ತದೆ. ಟೇಪ್ ಹಾಕುವ ಜಾಗಕ್ಕೆ ವ್ಯಾಸಲೀನ್ ಹಚ್ಚಿದ್ದರೆ ಅದು ಅಂಟುವುದಿಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಊಟ. ಗಂಟೆಗೆ 50–60 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಟ್ಟುಕೊಳ್ಳಿ, ಅಂದರೆ 200–250 ಕ್ಯಾಲೊರಿ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಎರಡು ದೊಡ್ಡ ಖರ್ಜೂರದಲ್ಲಿ 35, ಮಧ್ಯಮ ಗಾತ್ರದ ಬೇಯಿಸಿದ ಆಲೂಗಡ್ಡೆಯಲ್ಲಿ 30ರ ಮೇಲೆ. ಸಿಹಿಯೊಂದನ್ನೇ ತಿಂದರೆ ಎಂಟು ತಾಸಿಗೆ ನಾಲಿಗೆ ಮುಷ್ಕರ ಹೂಡುತ್ತದೆ. ನಮ್ಮ ಅಡುಗೆಮನೆ ಇಲ್ಲಿ ಕೈಹಿಡಿಯುತ್ತದೆ. ಉಪ್ಪು ಹಾಕಿದ ಆಲೂಗಡ್ಡೆ ತುಂಡು, ತೆಳ್ಳಗೆ ಕಲಸಿದ ಮೊಸರನ್ನ, ರಾತ್ರಿಗೆ ಫ್ಲಾಸ್ಕಿನಲ್ಲಿ ಬಿಸಿ ರಾಗಿ ಗಂಜಿ. ಗಂಜಿ ಕುಡಿಯುವಷ್ಟು ತೆಳ್ಳಗಿರಲಿ, ಆರಿದ ಮೇಲೆ ಗಟ್ಟಿಯಾಗುತ್ತದೆ. 40 ಗ್ರಾಂ ಹಿಟ್ಟಿನ ಒಂದು ಮಗ್ಗು ನಿಮಗೆ ಅರ್ಧ ತಾಸಿನ ಲೆಕ್ಕ. ಮೊಸರನ್ನಕ್ಕೆ ಒಗ್ಗರಣೆ ಬೇಡ. ಸಾಸಿವೆ, ಒಣಮೆಣಸಿನಕಾಯಿ, ಎಣ್ಣೆ ಮೂರೂ ಆ ಹೊತ್ತಿನ ಹೊಟ್ಟೆಗೆ ಆಗಿಬರುವುದಿಲ್ಲ. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಪ್ರೀತಿಯಿಂದ ಹಾಕಿಯೇ ಕಳಿಸುತ್ತಾರೆ.

ತಿನ್ನುವುದಕ್ಕೆ ಸಮಯ ಬೇರೆ ಹುಡುಕಬೇಕಿಲ್ಲ, ನಡಿಗೆಯ ಎರಡು ನಿಮಿಷ ಅದಕ್ಕೇ ಇರುವುದು. ಎರಡು ನಡಿಗೆಗೊಮ್ಮೆ ಎರಡು ತುತ್ತು. ಏಡ್ ಸ್ಟೇಷನ್‌ನಲ್ಲಿ ಬಿಸಿ ಸೂಪ್ ಕೊಟ್ಟರೆ ಕೈ ಚಾಚುವ ಮುಂಚೆ ಕೇಳಿ. ಅಮೆರಿಕದ ಓಟಗಳಲ್ಲಿ ಅದು ಬಹಳ ಸಲ ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿದ ನೀರು. ನೂಡಲ್ಸ್ ಇದ್ದರೂ ಅದೇ ನೀರಿನಲ್ಲಿ ಬೆಂದಿರಬಹುದು. ನಿಮ್ಮದೇ ಸೂಪ್ ಪುಡಿ ಒಯ್ದು ಬಿಸಿನೀರು ಕೇಳುವುದು ಸಲೀಸು. ಕಾಫಿ ಕತ್ತಲಾಗುವ ತನಕ ಮುಟ್ಟಬೇಡಿ, ರಾತ್ರಿ ಹತ್ತರ ಮೇಲೆ ಕುಡಿದರೆ ಅದರ ಪೂರ್ತಿ ಗುಣ ಸಿಗುತ್ತದೆ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ನೀರು ಬಾಯಾರಿದಷ್ಟು ಕುಡಿಯಿರಿ. ಚಳಿಯಲ್ಲಿ ಬೆವರು ಕಮ್ಮಿ, ಬೇಸಿಗೆಯ ಅಭ್ಯಾಸದಲ್ಲಿ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ. ತಲೆನೋವು, ವಾಕರಿಕೆ, ಗೊಂದಲ, ನೀರು ಕುಡಿಯುತ್ತಲೇ ಮೈ ಊದಿಕೊಳ್ಳುವುದು ಕಂಡರೆ ನೀರು ನಿಲ್ಲಿಸಿ ವೈದ್ಯ ಸಿಬ್ಬಂದಿಗೆ ತೋರಿಸಿ. ನೋವಿಗೆ ಐಬುಪ್ರೊಫೇನ್ ಥರದ ಮಾತ್ರೆ ಓಟದ ನಡುವೆ ಬೇಡವೇ ಬೇಡ, ಮೂತ್ರಪಿಂಡಕ್ಕೆ ಆಗಲೇ ಭಾರ ಬಿದ್ದಿರುತ್ತದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಓಟ ಮುಗಿಯಿತು ಅಂತ ತಿಳಿದು ಆಸ್ಪತ್ರೆಗೆ ಹೋಗಿ. 44 ಅಂದಿರಿ, ತಯಾರಿ ಶುರುಮಾಡುವ ಮುಂಚೆ ಒಮ್ಮೆ ಹೃದಯದ ತಪಾಸಣೆ ಮಾಡಿಸಿ.

ತಯಾರಿಗೆ ನಿಮ್ಮ ಮನೆ ಹತ್ತಿರವೇ ಬಂಗಾರದಂಥ ಜಾಗ ಇದೆ. ಇಲಿನಾಯ್ ಪ್ರೇರಿ ಪಾತ್ ಕೂಡ ಹಳೆಯ ರೈಲು ಹಾದಿಯೇ, ಅದಕ್ಕೂ ಸುಣ್ಣಕಲ್ಲಿನ ಪುಡಿಯೇ. ಹಳಿ ಹಾದಿಯನ್ನು ಕಾಲುದಾರಿ ಮಾಡುವ ಕೆಲಸ ಅಮೆರಿಕದಲ್ಲಿ ಮೊದಮೊದಲು ಆದ ಜಾಗಗಳಲ್ಲಿ ಅದೂ ಒಂದು. ವಾರದ ಉದ್ದದ ಓಟ ಅಲ್ಲಿ ಮಾಡಿ. ಗೇಟರ್, ಟೇಪ್, ಎಂಟು–ಎರಡು ಎಲ್ಲದರ ಪರೀಕ್ಷೆ ಅಲ್ಲೇ ಆಗುತ್ತದೆ.

ವಾರದ ಮೊತ್ತವನ್ನು ಮೆಲ್ಲಗೆ 80–90 ಕಿ.ಮೀ.ಗೆ ಒಯ್ಯಿರಿ, ನಾಲ್ಕನೇ ವಾರಕ್ಕೊಮ್ಮೆ ಇಳಿಸಿ. ಉದ್ದದ ಓಟವನ್ನು ದೂರದಲ್ಲಿ ಅಳೆಯದೆ ಸಮಯದಲ್ಲಿ ಅಳೆಯಿರಿ. ಶನಿವಾರ ಐದು ತಾಸು ಸಾಕು, ಭಾನುವಾರ ಬೆಳಗ್ಗೆ ಅದೇ ಸುಸ್ತಾದ ಕಾಲಲ್ಲಿ ಎರಡು ಮೂರು ತಾಸು. ಇದರ ಜೊತೆಗೆ ವಾರಕ್ಕೊಂದು ದಿನ ಬರೀ ನಡಿಗೆ, ಒಂದೂವರೆ ತಾಸು, ಮೈಲಿಗೆ 15–16 ನಿಮಿಷದಂತೆ. ಓಟಗಾರರಿಗೆ ಇದು ಅವಮಾನ ಅನಿಸುತ್ತದೆ, ಎಲ್ಲಕ್ಕಿಂತ ಮೊದಲು ಕೈಬಿಡುವುದೂ ಇದನ್ನೇ. ನನ್ನ ಕೇಳಿದರೆ ಓಟದ ಒಂದು ದಿನ ಬಿಟ್ಟರೂ ಸರಿ, ನಡಿಗೆ ದಿನ ಬಿಡಬೇಡಿ. ಮೊದಲ ವಾರಗಳಲ್ಲಿ ಕಣಕಾಲಿನ ಮುಂಭಾಗ ಉರಿಯುತ್ತದೆ. ಆ ಸ್ನಾಯುವೇ ನವೆಂಬರ್‌ನಲ್ಲಿ ನಿಮ್ಮ ಕೈಹಿಡಿಯಬೇಕಾದ್ದು. ವಾರಕ್ಕೆ ಎರಡು ಸಲ ಮೆಟ್ಟಿಲು ಹತ್ತುವುದು, ಬಸ್ಕಿ, ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು ಸೇರಿಸಿ.

ಆಗಸ್ಟಿನ ಶಿಕಾಗೊ ಸೆಕೆಯಲ್ಲಿ ವೇಗ ಬಿದ್ದರೆ ಗಾಬರಿ ಬೇಡ. ಹಾಗೆಯೇ ಅಕ್ಟೋಬರ್‌ನಲ್ಲಿ ತಾನಾಗಿ ವೇಗ ಏರಿದರೆ ಹಿಗ್ಗಿ ಲೆಕ್ಕ ಬದಲಿಸಬೇಡಿ. ಅದರಲ್ಲಿ ದೊಡ್ಡ ಪಾಲು ಹವೆಯದ್ದು. ಗಡಿಯಾರ ಹಿಂದಕ್ಕೆ ಹೋಗುವವರೆಗೆ ನಿಮ್ಮ ಸಂಜೆ ಓಟಗಳಲ್ಲಿ ಹೆಚ್ಚಿನವು ಬೆಳಕಿನಲ್ಲೇ ಆಗಿಹೋಗಿರುತ್ತವೆ. ಅದಕ್ಕೇ ಅಕ್ಟೋಬರ್‌ನಲ್ಲಿ ಒಂದು ಶುಕ್ರವಾರ ಆಫೀಸ್ ಮುಗಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಹೊರಟು ಮೂರರವರೆಗೆ ಎಂಟು–ಎರಡು ಮಾಡಿ. ಪ್ರೇರಿ ಪಾತ್ ಕತ್ತಲಾದ ಮೇಲೆ ಮುಚ್ಚುವ ಕಡೆ ಇದ್ದರೆ ನಿಮ್ಮ ಬಡಾವಣೆಯ ರಸ್ತೆಗಳೇ ಸಾಕು. ಜೊತೆಗೊಬ್ಬರನ್ನು ಕರೆದುಕೊಳ್ಳಿ.

ನೂರೋ ಐವತ್ತೋ ಅನ್ನುವ ತೀರ್ಮಾನಕ್ಕೆ ಒಂದೇ ಪರೀಕ್ಷೆ. ಸೆಪ್ಟೆಂಬರ್ ಕೊನೆಯಲ್ಲಿ ಒಂದು ಶನಿವಾರ ಎಂಟು ತಾಸು ಓಟ–ನಡಿಗೆ, ಭಾನುವಾರ ಮೂರು ತಾಸು. ಭಾನುವಾರದ ಕೊನೆಯ ತಾಸಿನಲ್ಲಿ ಮೈಲಿಗೆ 17 ನಿಮಿಷದೊಳಗೆ ನಡೆಯಲು ಬಂದರೆ, ಎರಡೂ ದಿನ ಹೊಟ್ಟೆ ಊಟ ತಡೆದುಕೊಂಡರೆ, ನೂರಕ್ಕೆ ಹೋಗಿ. ಬರದಿದ್ದರೆ 50ಕ್ಕೆ ಬದಲಿಸಿಕೊಳ್ಳಲು ಆಗುತ್ತದೆಯೇ ಅಂತ ಸಂಘಟಕರನ್ನು ಕೇಳಿ. 50 ಮೈಲಿಯೂ ನೀವು ಈವರೆಗೆ ಓಡಿದ್ದಕ್ಕಿಂತ 30 ಕಿ.ಮೀ. ಜಾಸ್ತಿ. ಪರೀಕ್ಷೆಯಾದ ಮೇಲೆ ಮೂರು ವಾರ ಮಾಮೂಲಿ ಓಟ, ಕೊನೆಯ ಮೂರು ವಾರ ಮೊತ್ತ ಇಳಿಸುತ್ತ ಬನ್ನಿ.

ಜೊತೆಗೆ ಬರುವವರಿಗೂ ಒಂದು ಮಾತು ಹೇಳಿಡಿ. 50ನೇ ಮೈಲಿಗೆ, ಮತ್ತೆ 76ಕ್ಕೆ ನೀವು ನಿಮ್ಮದೇ ಕಾರಿನ ಪಕ್ಕ ಹಾದುಹೋಗುತ್ತೀರಿ. ಹೀಟರ್ ಹಾಕಿ ಬೆಚ್ಚಗಿರುವ ಕಾರು. ಎಷ್ಟೋ ಜನರ ಓಟ ಮುಗಿಯುವುದು ಆ ಸೀಟಿನಲ್ಲೇ. ಬಟ್ಟೆ ಬದಲಿಸಲು ಕುರ್ಚಿ ಹೊರಗೆ ಹಾಕಲಿ, ಕಾರಿನೊಳಗೆ ಬೇಡ. ಹದಿನೈದು ನಿಮಿಷಕ್ಕೆ ಎಬ್ಬಿಸಿ ಕಳಿಸಲಿ. ‘ಸಾಕು ಅನಿಸ್ತಿದೆ’ ಅಂದರೆ ಅವರು ವಾದ ಮಾಡಬೇಕಿಲ್ಲ. ಗಂಜಿ ಕೊಟ್ಟು, ‘ಮುಂದಿನ ಏಡ್ ಸ್ಟೇಷನ್‌ವರೆಗೆ ಬರೀ ನಡೀರಿ’ ಅಂದರೆ ಸಾಕು. ಮೈ ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ ಮಾತ್ರ ಆ ಮಾತು ನಡೆಯುವುದಿಲ್ಲ. ಆಗ ಕಾರು, ಕಂಬಳಿ, ವೈದ್ಯರು.

ವಿಯೆನ್ನಾದಿಂದ ನಿಮ್ಮ ಮನೆಗೆ ಐದು ತಾಸಿಗೂ ಜಾಸ್ತಿ ಡ್ರೈವ್. ಓಡಿದವರು ಅವತ್ತು ಸ್ಟಿಯರಿಂಗ್ ಮುಟ್ಟಬಾರದು. ಭಾನುವಾರ ರಾತ್ರಿಗೂ ಹೋಟೆಲ್ ರೂಮು ಹಿಡಿಯಿರಿ, ನೆಲಮಹಡಿಯದ್ದೇ ಕೇಳಿ. ಸೋಮವಾರ ಮಂಗಳವಾರ ರಜೆ ಈಗಲೇ ಹಾಕಿಡಿ.